ಸಸಿಯ ಲೆಕ್ಕ, ಮರದ ಋಣ

ಕೊಡುವುದಕ್ಕಿಂತ ಬಿಡುವುದು ಕಠಿಣ. ಕೊಡುವವನಿಗೆ ಸಭೆಯುಂಟು, ಹಾರವುಂಟು, ಶಿಲಾಫಲಕದಲ್ಲಿ ಹೆಸರುಂಟು. ಬಿಡುವವನಿಗೆ ಇವೊಂದೂ ಇಲ್ಲ. ಮಾಡಬಹುದಾಗಿದ್ದ ಹಿಂಸೆಯನ್ನು ಮಾಡದೆ ಉಳಿದವನ ಭಾವಚಿತ್ರವನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಮನುಷ್ಯಸ್ವಭಾವದ ಈ ದೌರ್ಬಲ್ಯವು ಇಂದು ಪರಿಸರ ರಕ್ಷಣೆಯೆಂಬ ಪವಿತ್ರ ಕಾರ್ಯವನ್ನೂ ಆವರಿಸಿಕೊಂಡಿದೆ. ಸಸಿ ನೆಡುವ ಕೈಗಳು ಸಾವಿರಗಟ್ಟಲೆ ಇವೆ. ನಿಂತ ಮರವನ್ನು ಕಡಿಯಬೇಡಿರೆಂದು ತಡೆಯುವ ಕೈಗಳು ಬೆರಳೆಣಿಕೆಯಷ್ಟು. ನೆಡುವುದನ್ನೇ ಉಳಿಸುವುದೆಂದು ಬಗೆದು ಸಮಾಜವು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಿದೆ. ಈ ವಂಚನೆ ಎಷ್ಟು ಆಳವಾದುದೆಂಬುದನ್ನು ವಿಚಾರಶೀಲರು ಒಮ್ಮೆ ನಿಷ್ಪಕ್ಷಪಾತವಾಗಿ ಪರಿಶೀಲಿಸಬೇಕಾಗಿದೆ.

ಸಸಿ ನೆಡುವ ಕಾರ್ಯವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. 1950ರಲ್ಲಿ ಅಂದಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವರಾದ ಕೆ. ಎಂ. ಮುನ್ಷಿಯವರು ಜುಲೈ ಮೊದಲ ವಾರದಲ್ಲಿ ವನಮಹೋತ್ಸವವನ್ನು ಆರಂಭಿಸಿದಾಗ ಅದರ ಹಿಂದೆ ಇದ್ದುದು ಶುದ್ಧವಾದ ಆಶಯ. ಮಳೆಗಾಲದ ಆರಂಭದಲ್ಲಿ ಪ್ರತಿಯೊಬ್ಬನೂ ಮಣ್ಣು ಮುಟ್ಟಲಿ, ಒಂದು ಜೀವವನ್ನು ಪೋಷಿಸುವ ಹೊಣೆ ಹೊರಲಿ ಎಂಬ ಭಾವನೆ ಅದರಲ್ಲಿತ್ತು. ಆದರೆ ಹೊಣೆಯು ಕಾಲಕ್ರಮದಲ್ಲಿ ಕಳಚಿಬಿದ್ದು ಉತ್ಸವ ಮಾತ್ರ ಉಳಿಯಿತು. ಶಾಲೆಯ ಅಂಗಳದಲ್ಲಿ, ಸಂಘದ ನಿವೇಶನದಲ್ಲಿ, ಹೆದ್ದಾರಿಯ ಬದಿಯಲ್ಲಿ ಒಂದೇ ಗುಂಡಿಯಲ್ಲಿ ವರ್ಷ ವರ್ಷವೂ ಹೊಸ ಸಸಿಯನ್ನು ನೆಡುವ ಪರಿಪಾಠ ಹೊಸದಲ್ಲ. ಕಳೆದ ವರ್ಷದ ಸಸಿ ಏನಾಯಿತೆಂದು ಕೇಳುವುದು ಅಮಂಗಳವೆಂಬಂತೆ ಎಲ್ಲರೂ ಮೌನವಾಗಿರುತ್ತಾರೆ.

ಉತ್ಸವವು ಪೊಳ್ಳಾಗಿದ್ದಿದ್ದರೆ ಅಷ್ಟು ಹಾನಿಯಿರಲಿಲ್ಲ. ಅದು ಲೆಕ್ಕವಾಗಿ ಮಾರ್ಪಟ್ಟದ್ದೇ ಅನರ್ಥದ ಮೂಲ. 'ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ' ಎಂಬ ಮಾತು ಇಂದು ಆಡಳಿತಗಾರರ ನಾಲಗೆಯ ಮೇಲೆ ಮಂತ್ರದಂತೆ ನಲಿಯುತ್ತಿದೆ. ರಸ್ತೆ ಅಗಲವಾಗಬೇಕಾದಾಗ, ಗಣಿ ತೆರೆಯಬೇಕಾದಾಗ, ಅಣೆಕಟ್ಟು ಏಳಬೇಕಾದಾಗ ಈ ಮಾತನ್ನು ಮೊದಲು ಉಚ್ಚರಿಸಲಾಗುತ್ತದೆ; ಅನಂತರ ಕೊಡಲಿ ಬೀಳುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡುವಾಗ ಪರಿಹಾರಾತ್ಮಕ ಅರಣ್ಯೀಕರಣದ ಷರತ್ತನ್ನು ವಿಧಿಸಲಾಗುತ್ತದೆ. ಇದಕ್ಕಾಗಿ ಸಂಗ್ರಹವಾಗುವ ಹಣದ ನಿರ್ವಹಣೆಗೆ 2016ರಲ್ಲಿ ಪ್ರತ್ಯೇಕ ಕಾಯಿದೆಯೇ ಆಯಿತು. ಕಾಗದದ ಮೇಲೆ ನ್ಯಾಯ ಸಮತೂಕವಾಗಿ ಕಾಣುತ್ತದೆ. ಆದರೆ ನೆಲದ ಮೇಲೆ ನಡೆದದ್ದೇನು? ಭಾರತದ ಮಹಾಲೇಖಪಾಲರು 2013ರಲ್ಲಿ ಸಲ್ಲಿಸಿದ ವರದಿಯು ಇದಕ್ಕೆ ಉತ್ತರ ಕೊಟ್ಟಿದೆ. 2006ರಿಂದ 2012ರವರೆಗಿನ ಅವಧಿಯಲ್ಲಿ ಕಳೆದುಹೋದ ಕಾಡಿಗೆ ಬದಲಾಗಿ ದೊರೆಯಬೇಕಾಗಿದ್ದ ಅರಣ್ಯೇತರ ಭೂಮಿ ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿತ್ತು. ಅದರಲ್ಲಿ ದೊರೆತದ್ದು ಶೇಕಡಾ 27ರಷ್ಟು. ಅರಣ್ಯೀಕರಣ ನಡೆದದ್ದು, ದೊರೆಯಬೇಕಾಗಿದ್ದ ಭೂಮಿಯ ಶೇಕಡಾ 7ರಷ್ಟರಲ್ಲಿ ಮಾತ್ರ. ಸಾಲ ತೆಗೆದುಕೊಂಡವನು ನೂರಕ್ಕೆ ಏಳು ರೂಪಾಯಿ ಹಿಂದಿರುಗಿಸಿ ತಾನು ಋಣಮುಕ್ತನೆಂದು ಸಾರಿದರೆ ಯಾವ ವ್ಯಾಪಾರಿ ಒಪ್ಪುತ್ತಾನೆ? ಅಂಗಡಿಯಲ್ಲಿ ಒಪ್ಪದ ಲೆಕ್ಕವನ್ನು ಕಾಡಿನಲ್ಲಿ ಒಪ್ಪುವುದು ಯಾವ ನೀತಿ?

ನೂರಕ್ಕೆ ನೂರು ಸಸಿಗಳು ನೆಡಲ್ಪಟ್ಟು, ನೂರೂ ಬದುಕಿದವೆಂದೇ ವಾದಕ್ಕಾಗಿ ಒಪ್ಪೋಣ. ಆಗಲೂ ಲೆಕ್ಕ ಸರಿಹೋಗುವುದಿಲ್ಲ. ಪಶ್ಚಿಮ ಘಟ್ಟದ ಮಂಗಟ್ಟೆ ಹಕ್ಕಿಯ ಜೀವನಕ್ರಮವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬಹುಕಾಲ ಬಾಳಿದ ಹೆಮ್ಮರದ ಕಾಂಡದಲ್ಲಿ ತಾನಾಗಿ ಉಂಟಾದ ಪೊಟರೆಯನ್ನು ಅದು ಅರಸುತ್ತದೆ. ಹೆಣ್ಣು ಪೊಟರೆಯೊಳಗೆ ಸೇರಿ ಬಾಯಿಯನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಚಾಚುವಷ್ಟು ಸೀಳು ಮಾತ್ರ ಉಳಿಯುತ್ತದೆ. ತಿಂಗಳುಗಟ್ಟಲೆ ಗಂಡು ಹಕ್ಕಿ ಅತ್ತಿ, ಆಲ, ಬಸರಿಗಳ ಹಣ್ಣನ್ನು ತಂದು ಆ ಸೀಳಿನ ಮೂಲಕ ತಾಯಿಗೂ ಮರಿಗೂ ಉಣಿಸುತ್ತದೆ. ಆ ಮರ ಉರುಳಿದರೆ ಒಂದು ಕಾಂಡ ಮಾತ್ರ ಬೀಳುವುದಿಲ್ಲ. ಒಂದು ಸಂಸಾರವೇ ಬೀಳುತ್ತದೆ. ಅದರ ಬದಲಿಗೆ ನೆಟ್ಟ ಹತ್ತು ಸಸಿಗಳಲ್ಲಿ ಒಂದೇ ಒಂದು ಪೊಟರೆ ಮೂಡಬೇಕಾದರೆ ಮೂರು ನಾಲ್ಕು ತಲೆಮಾರುಗಳೇ ಕಾಯಬೇಕು. ಅಲ್ಲಿಯವರೆಗೆ ಮಂಗಟ್ಟೆ ಎಲ್ಲಿರಬೇಕು? ಹಳೆಯ ಮರದ ತೊಗಟೆಯಲ್ಲಿ, ಬೇರಿನಲ್ಲಿ, ಬುಡದ ತರಗೆಲೆಯಲ್ಲಿ ನೆಲಸಿದ ಅಸಂಖ್ಯಾತ ಸೂಕ್ಷ್ಮಜೀವಿಗಳಿಗೆ ಯಾವ ಗುಂಡಿಯಲ್ಲಿ ಬದಲಿ ನಿವೇಶನ ಕೊಡಲಾಗಿದೆ? ಸಂಖ್ಯೆಗೆ ಸಂಖ್ಯೆ ಸಮವಾಗಬಹುದು; ಜೀವಕ್ಕೆ ಜೀವ ಸಮವಾಗದು. ಒಬ್ಬ ಹಿರಿಯನನ್ನು ಮನೆಯಿಂದ ಹೊರಹಾಕಿ ಹತ್ತು ತೊಟ್ಟಿಲುಗಳನ್ನು ಕೊಂಡುತಂದೆನೆಂದು ಹೇಳಿಕೊಳ್ಳುವವನನ್ನು ಲೋಕವು ಧರ್ಮಿಷ್ಠನೆಂದು ಕರೆಯುವುದಿಲ್ಲ.

ಅಹಿಂಸೆಯನ್ನು ಬದುಕಿನ ತಳಹದಿಯೆಂದು ನಂಬಿದವರಿಗೆ ಈ ಲೆಕ್ಕದ ದೋಷ ಬೇಗನೆ ಗೋಚರಿಸಬೇಕು. ಹಿಂಸೆಯು ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡುವುದನ್ನು ಅನುಮೋದಿಸಿದ್ದು ಎಂದು ಮೂರು ಬಗೆಯೆಂಬುದನ್ನು ಶ್ರಾವಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗುತ್ತಿಗೆದಾರನು ಕಡಿದಿದ್ದಾನೆ, ಇಲಾಖೆಯು ಕಡಿಸಿದೆ. ಆದರೆ ಸುಮ್ಮನೆ ನೋಡುತ್ತ, ಬದಲಿ ಸಸಿಯ ಸಮಾರಂಭದಲ್ಲಿ ಚಪ್ಪಾಳೆ ತಟ್ಟಿದವರು ಅನುಮೋದಿಸಿದವರ ಸಾಲಿನಲ್ಲಿಯೇ ನಿಲ್ಲುತ್ತಾರೆ. ಅನರ್ಥದಂಡವೆಂದು ಗೃಹಸ್ಥಧರ್ಮವು ಹೆಸರಿಸುವ ದೋಷಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಸಸ್ಯಗಳನ್ನು ಕತ್ತರಿಸುವುದು ಇದರಲ್ಲಿ ಸೇರಿವೆ. 'ರಸ್ತೆಗೆ ಪ್ರಯೋಜನವಿದೆಯಲ್ಲ?' ಎಂದು ವಾದಿಸುವವರಿದ್ದಾರೆ. ಪ್ರಯೋಜನವಿದೆಯೆಂದು ಹೇಳಿದ ಮಾತ್ರಕ್ಕೆ ಪ್ರಯೋಜನ ಸಿದ್ಧವಾಗುವುದಿಲ್ಲ. ಬೇರೆ ದಾರಿಯಿಲ್ಲವೆಂದು ತೋರಿಸುವ ಹೊಣೆ ಕಡಿಯುವವನದು, ಉಳಿಸುವವನದಲ್ಲ. ಇಂದು ಈ ಕ್ರಮ ತಲೆಕೆಳಗಾಗಿದೆ. ಕಡಿಯುವವನು ನೆಮ್ಮದಿಯಿಂದ ಕುಳಿತಿದ್ದಾನೆ. ಉಳಿಸಬಯಸುವ ಬಡ ಸ್ವಯಂಸೇವಕನು ಕಚೇರಿಯಿಂದ ಕಚೇರಿಗೆ ಅಲೆಯುತ್ತ ಮರಕ್ಕೆ ಬದುಕುವ ಅರ್ಹತೆಯಿದೆಯೆಂದು ಸಾಬೀತುಪಡಿಸಬೇಕಾಗಿದೆ.

ಇನ್ನು ಪ್ರಾಯಶ್ಚಿತ್ತದ ಮಾತು. ತಪ್ಪನ್ನು ತಪ್ಪೆಂದು ಒಪ್ಪಿಕೊಂಡು, ಅದರಿಂದ ಹಿಂದಿರುಗಿ, ಮತ್ತೆ ಮಾಡೆನೆಂದು ನಿಶ್ಚಯಿಸುವುದು ಪ್ರಾಯಶ್ಚಿತ್ತದ ಜೀವಾಳ. ಮುಂದೆ ಮಾಡಲಿರುವ ತಪ್ಪಿಗೆ ಇಂದೇ ದಂಡ ಕಟ್ಟಿ ರಸೀತಿ ಪಡೆಯುವುದಕ್ಕೆ ಯಾವ ಶಾಸ್ತ್ರದಲ್ಲಿಯೂ ಪ್ರಾಯಶ್ಚಿತ್ತವೆಂಬ ಹೆಸರಿಲ್ಲ. ಬದಲಿ ಸಸಿಯ ಯೋಜನೆ ಮಾಡುತ್ತಿರುವುದು ಇದನ್ನೇ. ಅದು ಹಿಂಸೆಯನ್ನು ನಿಲ್ಲಿಸುವುದಿಲ್ಲ. ಹಿಂಸೆಗೆ ಪರವಾನಗಿಯ ಶುಲ್ಕವನ್ನು ಗೊತ್ತುಪಡಿಸುತ್ತದೆ.

ಕರ್ನಾಟಕದ ಪರಿಸರ ಚಳವಳಿಯ ಇತಿಹಾಸವನ್ನು ತೆರೆದು ನೋಡಿದರೆ, ನಿಜವಾಗಿ ಏನನ್ನಾದರೂ ಉಳಿಸಿದವರು ಈ ಲೆಕ್ಕಕ್ಕೆ ಮಣಿಯದವರೇ ಎಂಬುದು ಕಂಡುಬರುತ್ತದೆ. 1983ರ ಸೆಪ್ಟೆಂಬರ್ 8ರಂದು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಮುತ್ತಲಿನ ಯುವಕರೂ ಮಹಿಳೆಯರೂ ಸಮೀಪದ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣರು ಅದಕ್ಕೆ ಸ್ವಲ್ಪವೇ ಮುಂಚೆ ಆ ಭಾಗಕ್ಕೆ ಬಂದುಹೋಗಿದ್ದರು. ಅಪ್ಪಿಕೋ ಎಂದು ಹೆಸರಾದ ಈ ಚಳವಳಿಯು ಅಲ್ಲಿ 38 ದಿನ ನಡೆಯಿತು, ಕೊಡಲಿಯವರು ಹಿಂದಿರುಗಿದರು. ನೈಸರ್ಗಿಕ ಕಾಡನ್ನು ಕಡಿದು ತೇಗದ ನೆಡುತೋಪು ಮಾಡುವ ನೀತಿ, ಪ್ಲೈವುಡ್ ಮತ್ತು ಕಾಗದದ ಕಾರ್ಖಾನೆಗಳ ಹಸಿವು—ಇವುಗಳಿಂದ ನೀರಿನ ಸೆಲೆ ಬತ್ತುವುದನ್ನು, ತೋಟಕ್ಕೆ ಸೊಪ್ಪು ಸಿಗದಿರುವುದನ್ನು ಆ ಜನ ಕಣ್ಣಾರೆ ಕಂಡಿದ್ದರು. ಅವರ ಕೈಯಲ್ಲಿ ಅಂದು ಸಸಿಯಿರಲಿಲ್ಲ, ಶಸ್ತ್ರವೂ ಇರಲಿಲ್ಲ. ತಮ್ಮ ದೇಹವನ್ನೇ ಮರಕ್ಕೂ ಕೊಡಲಿಗೂ ನಡುವೆ ಇಟ್ಟರು. ಹೊಡೆಯದೆ, ಬೈಯದೆ ತಡೆಯುವ ಈ ಮಾರ್ಗಕ್ಕಿಂತ ಶುದ್ಧವಾದ ಅಹಿಂಸಾಚರಣೆ ಆಧುನಿಕ ಕಾಲದಲ್ಲಿ ಹೆಚ್ಚಾಗಿ ಕಾಣಸಿಗದು.

ಆ ಚಳವಳಿಯು ಆರಿಸಿಕೊಂಡ ಮೂರು ಶಬ್ದಗಳು ಪ್ರಸಿದ್ಧವಾಗಿವೆ: ಉಳಿಸು, ಬೆಳೆಸು, ಬಳಸು. ಈ ಶಬ್ದಗಳ ಪ್ರಾಸವನ್ನು ಎಲ್ಲರೂ ಮೆಚ್ಚುತ್ತಾರೆ; ಕ್ರಮವನ್ನು ಗಮನಿಸುವವರು ವಿರಳ. ಮೊದಲನೆಯದು ಉಳಿಸುವುದು. ಇದ್ದುದನ್ನು ಉಳಿಸಿಕೊಂಡ ಮೇಲೆ ಬೆಳೆಸುವುದು. ಬೆಳೆದ ಮೇಲೆ ಮಿತವಾಗಿ ಬಳಸುವುದು. ಇಂದಿನ ಆಡಳಿತವು ಈ ಕ್ರಮವನ್ನು ತಿರುಗಿಸಿ ಮೊದಲು ಬಳಸು, ಅನಂತರ ಬೆಳೆಸು, ಉಳಿದರೆ ಉಳಿಸು ಎನ್ನುತ್ತಿದೆ. ಪರಿಸರವಾದಿಗಳು ಬಳಕೆಗೇ ವಿರೋಧಿಗಳು, ಬಡವರ ಹೊಟ್ಟೆಪಾಡಿಗೆ ಅಡ್ಡಬರುವವರು ಎಂಬ ಆರೋಪಕ್ಕೂ ಆ ಮೂರನೆಯ ಶಬ್ದವೇ ಉತ್ತರ. ಸೊಪ್ಪಿನ ಬೆಟ್ಟದಿಂದ ಸೊಪ್ಪು ತರುವ, ಉದುರಿದ ಕಟ್ಟಿಗೆಯನ್ನು ಆರಿಸುವ, ಉಪ್ಪಾಗೆ-ಜೇನುಗಳನ್ನು ಸಂಗ್ರಹಿಸುವ ಬಳಕೆಯಲ್ಲಿ ಮರ ಬದುಕಿಯೇ ಇರುತ್ತದೆ. ವಿರೋಧವಿದ್ದುದು ಮರವನ್ನೇ ಮುಗಿಸುವ ಬಳಕೆಗೆ.

ಸಸಿಯೆಂಬುದು ಎಲ್ಲ ಸಂದರ್ಭದಲ್ಲಿಯೂ ಪುಣ್ಯವಸ್ತುವೆಂಬ ನಂಬಿಕೆಯನ್ನು ಸಂಪೂರ್ಣವಾಗಿ ಅಲುಗಾಡಿಸಿದ ಘಟನೆ 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ನಡೆಯಿತು. ರಾಜ್ಯ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ಪಾಲುದಾರಿಕೆಯಲ್ಲಿ ಸ್ಥಾಪಿತವಾದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆಗೆ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿ ಮುಂತಾದ ತಿರುಳಿನ ಮರ ಬೆಳೆಸಲು ಕೊಡುವ ನಿರ್ಧಾರವಾಗಿತ್ತು. ಹಳ್ಳಿಯ ದನಕರುಗಳು ಮೇಯುತ್ತಿದ್ದ, ಬಡವರು ಸೌದೆ-ಮೇವು ತರುತ್ತಿದ್ದ ನೆಲವದು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮುಂತಾದವರ ನೇತೃತ್ವದಲ್ಲಿ ಗ್ರಾಮಸ್ಥರು ಅಲ್ಲಿ ನೆಟ್ಟಿದ್ದ ನೀಲಗಿರಿ ಗಿಡಗಳಲ್ಲಿ ಕೆಲವನ್ನು ಸಾಂಕೇತಿಕವಾಗಿ ಕಿತ್ತು, ಆ ಜಾಗದಲ್ಲಿ ಜನರಿಗೂ ಜಾನುವಾರುಗಳಿಗೂ ಉಪಯೋಗವಾಗುವ ಗಿಡಗಳನ್ನು ನೆಟ್ಟರು. 'ಕಿತ್ತಿಕೋ-ಹಚ್ಚಿಕೋ' ಎಂದು ಆ ಸತ್ಯಾಗ್ರಹ ಹೆಸರಾಯಿತು. ಇತ್ತ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರೂ ಜೊತೆಯಾದರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ನಿರ್ಧಾರವಾಯಿತು. ಗಿಡ ನೆಟ್ಟವರು ಲಾಭಕೋರರೂ, ಗಿಡ ಕಿತ್ತವರು ಪರಿಸರ ರಕ್ಷಕರೂ ಆದ ಈ ಪ್ರಸಂಗವು ನೆಡುವ ಕ್ರಿಯೆಯನ್ನು ಕಣ್ಣುಮುಚ್ಚಿ ಪೂಜಿಸುವವರೆಲ್ಲರಿಗೂ ಪಾಠವಾಗಬೇಕಾಗಿತ್ತು. ಯಾವ ಸಸಿ, ಯಾರ ನೆಲದಲ್ಲಿ, ಯಾರ ಹಿತಕ್ಕಾಗಿ, ಯಾವುದರ ಬದಲಿಗೆ ಎಂಬ ಪ್ರಶ್ನೆಗಳನ್ನು ಕೇಳದ ವೃಕ್ಷಪ್ರೇಮವು ವಿವೇಕಹೀನವಾದುದು.

ಅದೇ ನಾಡಿನ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವೂ ಈ ಪ್ರಶ್ನೆಯನ್ನು ಎತ್ತುತ್ತದೆ. ಕೃಷ್ಣಮೃಗವು ಬಯಲಿನ ಪ್ರಾಣಿ. ದೂರದವರೆಗೆ ಕಣ್ಣು ಹಾಯುವ ಹುಲ್ಲುಗಾವಲು ಅದಕ್ಕೆ ಬೇಕು. ಆ ಬಯಲಿನ ಬಹುಭಾಗವನ್ನು ನೀಲಗಿರಿಯ ನೆಡುತೋಪು ಆಕ್ರಮಿಸಿತು. ಹುಲ್ಲುಗಾವಲನ್ನು 'ಖಾಲಿ ಜಾಗ'ವೆಂದೂ, 'ಪಾಳುಭೂಮಿ'ಯೆಂದೂ ಕರೆದು ಹಸಿರು ಬಳಿಯುವುದು ಪರಿಸರ ಸೇವೆಯಲ್ಲ. ಅದೂ ಒಂದು ಬಗೆಯ ಅತಿಕ್ರಮಣ.

ಸಾಲುಮರದ ತಿಮ್ಮಕ್ಕನವರ ಹೆಸರನ್ನು ಹೇಳದೆ ಕನ್ನಡ ನಾಡಿನಲ್ಲಿ ಸಸಿಯ ಮಾತು ಮುಗಿಯದು. ಸಸಿ ನೆಡುವವರೆಲ್ಲ ಅವರ ಹೆಸರನ್ನು ಸ್ಮರಿಸುತ್ತಾರೆ. ಅವರ ವಿಧಾನವನ್ನು ಅನುಸರಿಸುವವರು ಮಾತ್ರ ಇಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಈ ಕೂಲಿಕಾರ ಮಹಿಳೆ ಮತ್ತು ಅವರ ಪತಿ ಚಿಕ್ಕಯ್ಯನವರು ಹುಲಿಕಲ್ಲು-ಕುದೂರು ರಸ್ತೆಯ ಬದಿಯಲ್ಲಿ ಮೊದಲ ವರ್ಷ ನೆಟ್ಟದ್ದು 10 ಆಲದ ಸಸಿ. ಎರಡನೆಯ ವರ್ಷ 15. ಮೂರನೆಯ ವರ್ಷ 20. ದಿನಕ್ಕೆ ಲಕ್ಷ ಸಸಿಯ ದಾಖಲೆ ಬರೆಯುವ ಈ ಕಾಲಕ್ಕೆ ಅದು ನಗೆಪಾಟಲಿನ ಸಂಖ್ಯೆ. ಆದರೆ ಅವರು ದೂರದಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಹನಿಸಿದರು. ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಎಷ್ಟು ಗಿಡಗಳನ್ನು ಸಾಕಬಲ್ಲೆವೋ ಅಷ್ಟನ್ನೇ ನೆಟ್ಟರು. ಅವರ ಸಾಧನೆಯ ಗುಟ್ಟು ಈ ಮಿತಿಯಲ್ಲಿದೆ. ಹೀಗೆ ಬೆಳೆದ ಮರಗಳು 385 ಎಂದು ಪ್ರಸಿದ್ಧಿ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ, ರಸ್ತೆ ಅಗಲೀಕರಣದ ಯೋಜನೆಯೊಂದರಿಂದ ಅದೇ ಆಲದ ಮರಗಳಿಗೆ ಕೊಡಲಿಯ ಭೀತಿಯೂ ಬಂದಿತು! ಶತಾಯುಷಿ ತಾಯಿಯು ಮುಖ್ಯಮಂತ್ರಿಗಳಲ್ಲಿಗೆ ಹೋಗಿ ತನ್ನ ಮರಗಳನ್ನು ಉಳಿಸಿಕೊಡಿರೆಂದು ಬೇಡಿಕೊಳ್ಳಬೇಕಾಯಿತು; ಬೇರೆ ದಾರಿಯನ್ನು ನೋಡುವಂತೆ ಆದೇಶವಾಯಿತು. ಪದ್ಮಶ್ರೀಯಿಲ್ಲದ, ಹೆಸರಿಲ್ಲದ ಮುದುಕಿಯೊಬ್ಬಳು ಸಾಕಿದ ಮರವಾಗಿದ್ದಿದ್ದರೆ ಏನಾಗುತ್ತಿತ್ತು? 2025ರ ನವೆಂಬರಿನಲ್ಲಿ ಅವರು ಅಗಲಿದಾಗ ನಾಡಿಗೆ ನಾಡೇ ಕಂಬನಿ ಮಿಡಿಯಿತು. ವ್ಯಕ್ತಿಗೆ ಹಾರ ಹಾಕಿ ಅವರ ಧರ್ಮವನ್ನು ಬದಿಗಿಡುವುದು ಈ ಸಮಾಜಕ್ಕೆ ರೂಢಿಯಾಗಿಬಿಟ್ಟಿದೆ.

ತಡೆಯುವ ಕೆಲಸವು ಕಾಡಿನ ನಡುವೆ ಮರ ಅಪ್ಪುವುದರಲ್ಲಿಯೇ ಮುಗಿಯುವುದಿಲ್ಲ. ಕಾಗದಪತ್ರಗಳ ನಡುವೆ ವರ್ಷಗಟ್ಟಲೆ ತಾಳ್ಮೆಯಿಂದ ಕುಳಿತಿರುವುದೂ ತಪಸ್ಸೇ. ತುಂಗಾ, ಭದ್ರಾ, ನೇತ್ರಾವತಿಗಳ ಉಗಮಪ್ರದೇಶವಾದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯು ದೀರ್ಘಕಾಲ ನಡೆಯುತ್ತಿತ್ತು. 1969ರ 30 ವರ್ಷಗಳ ಗುತ್ತಿಗೆ 1999ರಲ್ಲಿ ಮುಗಿದ ಮೇಲೂ ಅದನ್ನು ಮುಂದುವರಿಸುವ ಪ್ರಯತ್ನವಾಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರು ಗಳಿಸಿ, ನಿವೃತ್ತಿಯ ಅನಂತರವೂ ಕಾಡಿನ ಕಾವಲು ಬಿಡದ ಕೆ. ಎಂ. ಚಿಣ್ಣಪ್ಪನವರು ಮತ್ತು ಅವರ ಸಂಗಡಿಗರು ನದಿಯ ಹೂಳು, ಕಾಡಿನ ನಾಶ ಇವುಗಳ ದಾಖಲೆಗಳನ್ನು ಹಿಡಿದು ಸುಪ್ರೀಂ ಕೋರ್ಟಿನ ಮುಂದೆ ನಿಂತರು. 2002ರ ಅಕ್ಟೋಬರಿನ ತೀರ್ಪಿನಂತೆ ಗಣಿಗಾರಿಕೆಯು 2005ರ ಕೊನೆಗೆ ನಿಂತಿತು. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿ. ಮೀ. ಉದ್ದದ ಉಕ್ಕಿನ ಮೇಲ್ಸೇತುವೆಗಾಗಿ ಅಧಿಕೃತ ಲೆಕ್ಕದಂತೆಯೇ 812 ಮರಗಳು ಉರುಳಬೇಕಾಗಿತ್ತು. 2016ರ ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ಕೈಕೈ ಹಿಡಿದು ರಸ್ತೆಯ ಬದಿಯಲ್ಲಿ ನಿಂತರು. ನ್ಯಾಯಪೀಠಗಳ ಮುಂದೆಯೂ ಹೋದರು. 2017ರ ಮಾರ್ಚಿಯಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಹೀಗೆ ಉಳಿದ ಮರಗಳ ಬುಡದಲ್ಲಿ ಯಾರ ಹೆಸರಿನ ಫಲಕವೂ ಇಲ್ಲ. ಅವು ಉಳಿದಿವೆ, ಅಷ್ಟು ಸಾಕು.

ಇಲ್ಲಿ ಕೆಲವು ಆಕ್ಷೇಪಗಳು ಏಳುವುದು ಸಹಜ. 'ಎಲ್ಲವನ್ನೂ ತಡೆದರೆ ನಾಡು ಮುಂದುವರಿಯುವುದು ಹೇಗೆ?' ಎಂಬುದು ಮೊದಲನೆಯದು. ಎಲ್ಲವನ್ನೂ ತಡೆಯಬೇಕೆಂದು ಯಾರೂ ಹೇಳಿಲ್ಲ. ಮೇಲಿನ ಉದಾಹರಣೆಗಳಲ್ಲಿ ಒಂದೊಂದರಲ್ಲಿಯೂ ಬೇರೆ ದಾರಿಯ ಪ್ರಶ್ನೆಯನ್ನು ಎತ್ತಲಾಗಿತ್ತು. ತಿಮ್ಮಕ್ಕನವರ ಮರಗಳ ವಿಷಯದಲ್ಲಿ ಕೇಳಿದೊಡನೆಯೇ ಬೇರೆ ದಾರಿಯನ್ನು ಹುಡುಕಲು ಸಾಧ್ಯವಾಯಿತು. ಕೇಳುವವರಿಲ್ಲದಲ್ಲಿ ಮಾತ್ರ 'ಅನಿವಾರ್ಯ' ಎಂಬ ಶಬ್ದ ಗೆಲ್ಲುತ್ತದೆ. 'ಏನೂ ಮಾಡದಿರುವುದಕ್ಕಿಂತ ಒಂದು ಸಸಿ ನೆಡುವುದು ಮೇಲಲ್ಲವೇ?' ಎಂಬುದು ಎರಡನೆಯ ಆಕ್ಷೇಪ. ಆ ಸಸಿಯನ್ನು ಮೂರು ಬೇಸಗೆ ಕಾಪಾಡುವುದಾದರೆ ನಿಶ್ಚಯವಾಗಿಯೂ ಮೇಲು. ಆದರೆ ಅದೇ ಸಸಿಯು ಕಡಿತಕ್ಕೆ ಸಮ್ಮತಿಪತ್ರವಾಗುವುದಾದರೆ ಅದಕ್ಕಿಂತ ಬರಿಗೈ ಲೇಸು. 'ಇದು ಸರ್ಕಾರದ ಕೆಲಸ, ದುಡಿದು ತಿನ್ನುವ ಗೃಹಸ್ಥರಿಗೆ ಸಮಯವೆಲ್ಲಿ?' ಎಂಬುದು ಮೂರನೆಯದು. ಸರ್ಕಾರದ ಕೆಲಸವೆಂಬುದು ನಿಜ. ಸ್ವಯಂಸೇವಕರ ಬೆವರಿನ ಹಿಂದೆ ಇಲಾಖೆಗಳು ಅಡಗಿಕೊಳ್ಳುವುದನ್ನು ಒಪ್ಪಲಾಗದು. ಆದರೆ ಸಾಲ್ಕಣಿಯ ಮಹಿಳೆಯರಿಗೆ ಮನೆಗೆಲಸವಿರಲಿಲ್ಲವೇ? ಹುಲಿಕಲ್ಲಿನ ದಂಪತಿಗಳಿಗೆ ಕೂಲಿಯಿರಲಿಲ್ಲವೇ? ಬಿಡುವಿಲ್ಲದವರೇ ಈ ನಾಡಿನಲ್ಲಿ ಮರಗಳನ್ನು ಉಳಿಸಿದ್ದಾರೆ. ಬಿಡುವುಳ್ಳವರು ಸಮಾರಂಭಗಳನ್ನು ನಡೆಸಿದ್ದಾರೆ.

ಅಹಿಂಸೆಯ ಹೆಸರಿನಲ್ಲಿ ಸಂಘಟಿತವಾದ ಸಮಾಜದ ಮೇಲೆ ಈ ವಿಷಯದಲ್ಲಿ ಇನ್ನೂ ಹೆಚ್ಚಿನ ಹೊಣೆಯಿದೆ. ಹಿರಿಯರ ಸ್ಮರಣಾರ್ಥವಾಗಿ ಸಸಿಗಳನ್ನು ಹಂಚುವ ಸತ್ಸಂಪ್ರದಾಯ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಒಂದು ಕೈಯಲ್ಲಿ ಸ್ಮರಣಾರ್ಥದ ಸಸಿಯನ್ನೂ ಇನ್ನೊಂದು ಕೈಯಲ್ಲಿ ಮಾವಿನ ತೋಪನ್ನು ಸಮತಟ್ಟುಗೊಳಿಸಿ ಮಾಡುವ ಬಡಾವಣೆಯ ನಕ್ಷೆಯನ್ನೂ ಹಿಡಿಯುವುದು ಯಾವ ಬಗೆಯ ವ್ರತಪಾಲನೆ? ಸೂರ್ಯಾಸ್ತದ ಅನಂತರ ಕಣ್ಣಿಗೆ ಕಾಣದ ಜೀವಕ್ಕೆ ನೋವಾದೀತೆಂದು ಊಟವನ್ನೇ ಬಿಡುವ ಮನೆತನದ ಬಂಡವಾಳವು ಹಗಲು ಹೊತ್ತಿನಲ್ಲಿ ಕೆರೆಯಂಗಳವನ್ನು ತುಂಬಿಸಿ ಮಳಿಗೆ ಕಟ್ಟಲು ಹೋದರೆ, ಆ ತ್ಯಾಗದ ಅರ್ಥವಾದರೂ ಏನು? ನೀರನ್ನು ಸೋಸಿ ಕುಡಿಯುವ ನಿಯಮವು ನೀರಿನ ಜೀವಗಳ ಮೇಲಣ ಕರುಣೆಯಿಂದ ಹುಟ್ಟಿದ್ದು. ಬಟ್ಟೆಯಲ್ಲಿ ಸೋಸಿದ ಒಂದು ಬಿಂದಿಗೆಗೆ ಸಲ್ಲುವ ಕರುಣೆಯು ಇಡೀ ಕೆರೆಗೆ ಸಲ್ಲದೆ ಹೋದರೆ ಅದು ಆಚಾರವಾಗಿ ಉಳಿಯುತ್ತದೆ, ಧರ್ಮವಾಗುವುದಿಲ್ಲ. ಈ ಮಾತು ಕಟುವಾದುದು. ಆದರೆ ಹಿತವಾದುದು ಯಾವಾಗಲೂ ಸಿಹಿಯಾಗಿರುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಅಧಿನಿಯಮವಿದೆ. ಅದು ಅನ್ವಯಿಸುವ ಪ್ರದೇಶಗಳಲ್ಲಿ ಮರ ಕಡಿಯುವುದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾಪವಿದ್ದಾಗ ಜನರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇರಬೇಕು. ಊರಿನ ಗಿಡ-ಮರ-ಪ್ರಾಣಿಗಳ ದಾಖಲಾತಿ ನಡೆಯಬೇಕು. ಈ ಬಾಗಿಲುಗಳೆಲ್ಲ ತೆರೆದೇ ಇವೆ; ಒಳಗೆ ಹೋಗುವವರು ಕಡಿಮೆ. ಪ್ರತಿಯೊಂದು ಊರಿನ ಯುವಕ ಸಂಘ, ಮಹಿಳಾ ಸಮಾಜಗಳು ತಮ್ಮ ಊರಿನ ಹಿರಿಯ ಮರಗಳನ್ನು ಎಣಿಸಿ, ಜಾತಿಯನ್ನೂ ಸುತ್ತಳತೆಯನ್ನೂ ಬರೆದಿಡಲಿ. ಕೆರೆಗೆ ನೀರು ತರುವ ಕಾಲುವೆ ಎಲ್ಲಿಂದ ಎಲ್ಲಿಗಿತ್ತೆಂಬುದನ್ನು ಹಳೆಯ ನಕ್ಷೆ ನೋಡಿ ಗುರುತಿಸಲಿ. ಆಕ್ಷೇಪಣೆ ಸಲ್ಲಿಸುವ ದಿನ ನಾಲ್ವರಾದರೂ ಕಚೇರಿಯಲ್ಲಿ ಹಾಜರಿರಲಿ. ಬೇಸಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳದಂತೆ ಸರದಿಯಲ್ಲಿ ಕಾವಲಿರಲಿ. ಸಸಿಯನ್ನು ನೆಡುವುದಾದರೆ ಆ ನೆಲಕ್ಕೆ ಒಗ್ಗುವ ಹತ್ತನ್ನೇ ನೆಟ್ಟು, ಹತ್ತಕ್ಕೂ ಹತ್ತು ಹೆಸರಿನ ಹೊಣೆಗಾರರನ್ನು ನೇಮಿಸಲಿ. ಬಸದಿ, ಮಠ, ಟ್ರಸ್ಟುಗಳ ಸ್ವಾಧೀನದಲ್ಲಿರುವ ಭೂಮಿಯಲ್ಲಿ ನಿಂತ ಮರವನ್ನು ಕಟ್ಟಡಕ್ಕಾಗಿ ಕಡಿಯುವ ಮೊದಲು ನಕ್ಷೆಯನ್ನು ತಿದ್ದಲು ಸಾಧ್ಯವೇ ಎಂದು ಆಡಳಿತ ಮಂಡಳಿಗಳು ಲಿಖಿತವಾಗಿ ಪರಿಶೀಲಿಸಲಿ. ಇದರಲ್ಲಿ ಒಂದಕ್ಕೂ ಅಪಾರ ಧನ ಬೇಕಾಗಿಲ್ಲ; ಬೇಕಾದುದು ಸ್ಥಿರಚಿತ್ತ.

ಸಂಘ-ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ 'ಈ ವರ್ಷ ನೆಟ್ಟ ಸಸಿಗಳು' ಎಂಬ ಸಾಲು ತಪ್ಪದೆ ಇರುತ್ತದೆ. ಮುಂದಿನ ವರದಿಯಲ್ಲಿ ಅದರ ಮೇಲೆ ಎರಡು ಸಾಲುಗಳು ಸೇರಲಿ: 'ಕಳೆದ ವರ್ಷ ನೆಟ್ಟವುಗಳಲ್ಲಿ ಬದುಕಿರುವವು' ಎಂಬುದೊಂದು, 'ಈ ವರ್ಷ ಕಡಿಯದಂತೆ ಉಳಿಸಿದ ಮರಗಳು' ಎಂಬುದಿನ್ನೊಂದು. ಮೊದಲ ವರ್ಷ ಆ ಎರಡು ಸಾಲುಗಳ ಮುಂದೆ ಸೊನ್ನೆಯನ್ನು ಬರೆಯಬೇಕಾಗಿ ಬರಬಹುದು. ಬರೆಯಲಿ, ಮಹಾಸಭೆಯಲ್ಲಿ ಗಟ್ಟಿಯಾಗಿ ಓದಲಿ. ಆ ಸೊನ್ನೆಯನ್ನು ಕೇಳಿ ನಾಚಿದ ಸಮಾಜವು ಎರಡನೆಯ ವರ್ಷ ಅದನ್ನು ಒಂದಾಗಿಸಲು ಹೊರಟರೆ, ಆ ಒಂದು ಮರದಿಂದ ಅಹಿಂಸೆಯ ಆಚರಣೆ ಆರಂಭವಾಗುತ್ತದೆ.